ಗಂಡಸುತನದ ಅಂಗಡಿಯೂ ಕೂಲಿಕಾರನ ಜೇಬೂ

ಬಸ್ ನಿಲ್ದಾಣದ ಗೋಡೆ, ರೈಲು ಹಳಿಯ ಪಕ್ಕದ ಕಾಂಪೌಂಡು, ಮೂತ್ರಾಲಯದ ಬಾಗಿಲು: ಈ ಮೂರು ಕಡೆ ತಪ್ಪದೆ ಓದಲು ಸಿಗುವ ಸಾಹಿತ್ಯವೊಂದು ನಮ್ಮ ನಾಡಿನಲ್ಲಿ ಉಂಟು. ನರದೌರ್ಬಲ್ಯ, ಧಾತುನಷ್ಟ, ಗುಪ್ತರೋಗ, ಇಂಥ ವಾರ ಇಂಥ ಲಾಡ್ಜಿನ ಇಂಥ ಕೋಣೆಯಲ್ಲಿ ಡಾಕ್ಟರು ಸಿಗುತ್ತಾರೆ, ಗ್ಯಾರಂಟಿ. ಈಗ ಈ ಸಾಹಿತ್ಯ ಗೋಡೆಯಿಂದ ಇಳಿದು ಕಾರ್ಮಿಕನ ಕೈಯೊಳಗಿನ ಮೊಬೈಲಿಗೂ ಬಂದಿದೆ. ಲಾಡ್ಜಿನ ಜಾಗಕ್ಕೆ ಕನ್ನಡಿ ಬಾಗಿಲಿನ ಕ್ಲಿನಿಕ್ಕು ಬಂದಿದೆ. ಧಾತುವಿನ ಜಾಗಕ್ಕೆ ಟೆಸ್ಟೋಸ್ಟಿರೋನ್ ಎಂಬ ಹೆಸರು ಬಂದಿದೆ. ಗಿರಾಕಿ ಮಾತ್ರ ಹಳಬನೇ: ನಲವತ್ತರ ಆಚೆ ಈಚೆ ಇರುವ, ದಣಿದ, ಹೆಂಡತಿಯ ಮುಂದೆಯೂ ಬಾಯಿ ಬಿಡಲಾರದ ಗಂಡಸು.

ಇದು ಶ್ರಮಜೀವಿಗಳ ಪತ್ರಿಕೆಯಲ್ಲಿ ಬರೆಯುವ ವಿಷಯವೇ ಎಂದು ಕೆಲವರು ಮೂಗು ಮುರಿಯಬಹುದು. ಖಂಡಿತವಾಗಿ ಬರೆಯುವ ವಿಷಯವೇ ಎಂದು ನಾವು ಹೇಳುತ್ತೇವೆ. ಸಂಬಳದ ದಿನ ಬಡ್ಡಿಯವನು ಗಿರಣಿಯ ಬಾಗಿಲಲ್ಲಿ ನಿಂತು ಎಲ್ಲರ ಎದುರಿಗೆ ದುಡ್ಡು ಕಿತ್ತುಕೊಂಡರೆ ಅದರ ವಿರುದ್ಧ ಸಂಘ ಕಟ್ಟುತ್ತೇವೆ. ನಾಚಿಕೆಯ ಹೆಸರಿನಲ್ಲಿ, ಗುಟ್ಟಾಗಿ, ಒಬ್ಬೊಬ್ಬನನ್ನೇ ಬೇರೆ ಮಾಡಿ ಕಿತ್ತುಕೊಂಡರೆ ಸುಮ್ಮನಿರಬೇಕೆ? ಬಡ್ಡಿಯವನ ಮೋಸ ರಟ್ಟಾಗುತ್ತದೆ. ಈ ಮೋಸ ರಟ್ಟಾಗುವುದೇ ಇಲ್ಲ. ಮೋಸಹೋದವನು ಪೊಲೀಸು ಠಾಣೆಗೆ ಹೋಗಿ ಏನೆಂದು ದೂರು ಕೊಟ್ಟಾನು? ವ್ಯಾಪಾರ ನಡೆಯುವುದೇ ಈ ಮೌನದ ಬಂಡವಾಳದ ಮೇಲೆ. ಮೌನವನ್ನು ಮುರಿದರೆ ಅರ್ಧ ವ್ಯಾಪಾರ ಮುರಿಯುತ್ತದೆ.

ಆದರೆ ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ಎಲ್ಲವೂ ಮೋಸ ಎಂದು ಕೈ ಝಾಡಿಸಿ ಏಳುವುದೂ ತಪ್ಪು. ಟೆಸ್ಟೋಸ್ಟಿರೋನ್ ಕೊರತೆ ಎಂಬುದು ನಿಜವಾದ ಕಾಯಿಲೆ. ಅದಕ್ಕೆ ನಿಜವಾದ ಚಿಕಿತ್ಸೆ ಉಂಟು. ಬೇಡವಾದವನಿಗೆ ಔಷಧವನ್ನು ಬಲವಂತವಾಗಿ ಮಾರುವುದು ಒಂದು ಅನ್ಯಾಯವಾದರೆ, ಬೇಕಾದವನಿಗೆ ಅದು ತಲುಪದೆ ಇರುವುದು ಇನ್ನೊಂದು ಅನ್ಯಾಯ. ಈ ಎರಡೂ ಅನ್ಯಾಯಗಳು ಒಂದೇ ಪೇಟೆಯಲ್ಲಿ ನಡೆಯುತ್ತಿವೆ.

ದೇಹದೊಳಗಿನ ಗಿರಣಿ

ಈ ವಸ್ತು ಏನು, ದೇಹದಲ್ಲಿ ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿಯೋಣ. ತಿಳಿಯದವನನ್ನು ಹೆದರಿಸುವುದು ಸುಲಭ.

ಗಂಡಸಿನ ವೃಷಣಗಳಿಗೆ ಎರಡು ಕೆಲಸ. ಒಂದು, ವೀರ್ಯಾಣುಗಳನ್ನು ತಯಾರಿಸುವುದು. ಎರಡು, ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಬಿಡುವುದು. ಹುಡುಗನಿಗೆ ಮೀಸೆ ಮೂಡುವುದು, ಗಂಟಲು ಒಡೆಯುವುದು, ಮಾಂಸಖಂಡ ಬೆಳೆಯುವುದು, ಮೂಳೆ ಗಟ್ಟಿಯಾಗುವುದು, ಕಾಮದ ಅಪೇಕ್ಷೆ ಹುಟ್ಟುವುದು, ಇವೆಲ್ಲ ಅದರ ಕೆಲಸ. ಆದರೆ ವೃಷಣ ತನ್ನಷ್ಟಕ್ಕೆ ತಾನೇ ಕೆಲಸ ಮಾಡುವುದಿಲ್ಲ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಉಂಟು. ಅದು ಗಿರಣಿಯ ಮೇನೇಜರನ ಹಾಗೆ. ರಕ್ತದಲ್ಲಿ ಮಾಲು ಕಡಿಮೆಯಾಯಿತೆಂದರೆ ಹೆಚ್ಚು ತಯಾರಿಸಿ ಎಂದು ಆರ್ಡರು ಕಳಿಸುತ್ತದೆ. ಮಾಲು ಹೆಚ್ಚಾಯಿತೆಂದರೆ ಆರ್ಡರು ನಿಲ್ಲಿಸುತ್ತದೆ. ಎಲ್.ಎಚ್., ಎಫ್.ಎಸ್.ಎಚ್. ಎಂದು ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಬರೆದಿರುವುದು ಈ ಆರ್ಡರಿನ ಚೀಟಿಗಳನ್ನೇ.

ಆದುದರಿಂದ ಕೊರತೆಯಲ್ಲಿ ಎರಡು ಜಾತಿ. ಮೇನೇಜರು ಆರ್ಡರಿನ ಮೇಲೆ ಆರ್ಡರು ಕಳಿಸಿದರೂ ಯಂತ್ರ ಕೆಟ್ಟಿರುವುದರಿಂದ ಮಾಲು ಬರದಿರುವುದು ಒಂದು. ಯಂತ್ರ ಸರಿಯಾಗಿದ್ದರೂ ಆರ್ಡರೇ ಬಾರದಿರುವುದು ಇನ್ನೊಂದು. ಮೊದಲನೆಯದಕ್ಕೆ ಕಾರಣ: ದೊಡ್ಡವನಾದ ಮೇಲೆ ಮಂಗನಬಾವು ಬಂದು ವೃಷಣಕ್ಕೆ ಇಳಿದದ್ದು, ಬಾಲ್ಯದಲ್ಲಿ ವೃಷಣ ಚೀಲಕ್ಕೆ ಇಳಿಯದೆ ಉಳಿದದ್ದು, ಪೆಟ್ಟು, ಕ್ಯಾನ್ಸರಿನ ಔಷಧ, ಅಥವಾ ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಹೆಚ್ಚಾಗಿ ಬರುವ ಕ್ಲೈನ್‌ಫೆಲ್ಟರ್ ದೋಷ. ೧೯೪೨ರಲ್ಲಿ ವರ್ಣಿಸಲ್ಪಟ್ಟ ಈ ಕೊನೆಯ ದೋಷ ಸುಮಾರು ೬೦೦ ಗಂಡು ಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ. ಬಹುಪಾಲು ಮಂದಿಗೆ ಅದು ಆಯುಷ್ಯವೆಲ್ಲ ಗೊತ್ತೇ ಆಗುವುದಿಲ್ಲ. ಎರಡನೆಯದಕ್ಕೆ ಕಾರಣ: ಪಿಟ್ಯುಟರಿಯಲ್ಲಿ ಗೆಡ್ಡೆ, ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳುವ ರೋಗಗಳಲ್ಲಿ ಕಬ್ಬಿಣ ಶೇಖರವಾಗುವುದು, ಅಫೀಮಿನ ಜಾತಿಯ ನೋವಿನ ಔಷಧಗಳ ದೀರ್ಘ ಸೇವನೆ, ಅತಿ ಬೊಜ್ಜು. ಯಾವ ಜಾತಿಯ ಕೊರತೆ ಎಂದು ತಿಳಿಯದೆ ಸೂಜಿ ಚುಚ್ಚುವವನು, ಮೋಟಾರು ಸುಟ್ಟಿದೆಯೋ ಕರೆಂಟು ಹೋಗಿದೆಯೋ ನೋಡದೆ ಹೊಸ ಮೋಟಾರು ಮಾರುವವನಿಗೆ ಸಮಾನ. ಮಿದುಳಿನ ಗೆಡ್ಡೆ ಹಾಗೆಯೇ ಬೆಳೆಯುತ್ತಿರುತ್ತದೆ. ರೋಗಿ ಶಕ್ತಿಯ ಇಂಜಕ್ಷನ್ ತೆಗೆದುಕೊಳ್ಳುತ್ತಿರುತ್ತಾನೆ!

ವಿಜ್ಞಾನದ ದಾರಿ, ಬೂಟಾಟಿಕೆಯ ದಾರಿ

ಈ ವಿಷಯದಲ್ಲಿ ವಿಜ್ಞಾನವೂ ಬೂಟಾಟಿಕೆಯೂ ಮೊದಲಿನಿಂದ ಅಕ್ಕಪಕ್ಕದಲ್ಲೇ ನಡೆದು ಬಂದಿವೆ. ೧೮೮೯ರಲ್ಲಿ ಪ್ಯಾರಿಸ್ಸಿನ ಬ್ರೌನ್ ಸೆಕಾರ್ ಎಂಬ ಹೆಸರಾಂತ ಶರೀರಶಾಸ್ತ್ರಜ್ಞ, ತನ್ನ ೭೨ನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು, ಯೌವನ ಮರಳಿತೆಂದು ವಿದ್ವಾಂಸರ ಸಭೆಯಲ್ಲಿ ಸಾರಿದ. ಆ ನೀರಿನ ರಸದಲ್ಲಿ ಕೆಲಸ ಮಾಡುವಷ್ಟು ಹಾರ್ಮೋನು ಇರಲು ಸಾಧ್ಯವೇ ಇರಲಿಲ್ಲ. ಆತನಿಗೆ ಬಂದ ಬಲ ನಂಬಿಕೆಯ ಬಲ. ಆತ ಪ್ರಾಮಾಣಿಕನಾಗಿದ್ದ. ಆದರೆ ಆತನ ಮಾತನ್ನು ಹಿಡಿದು ಸೀಸೆ ತುಂಬಿಸಿ ಮಾರಿದವರು ಪ್ರಾಮಾಣಿಕರಾಗಿರಲಿಲ್ಲ. ೧೯೨೦ರ ದಶಕದಲ್ಲಿ ಅದೇ ಪ್ಯಾರಿಸ್ಸಿನಲ್ಲಿ ವೊರೊನಾಫ್ ಎಂಬ ಶಸ್ತ್ರವೈದ್ಯ ಶ್ರೀಮಂತರಿಗೆ ಕೋತಿಯ ವೃಷಣದ ಚೂರುಗಳನ್ನು ಕಸಿ ಮಾಡಿ ಹಣ ಮಾಡಿದ.

ನಿಜವಾದ ವಿಜ್ಞಾನ ಬೇರೆ ದಾರಿಯಲ್ಲಿ ಬಂದಿತು. ೧೯೩೫ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಲಾಕರ್ ಎಂಬವರ ತಂಡ ಸುಮಾರು ನೂರು ಕಿಲೋ ಹೋರಿ ವೃಷಣಗಳಿಂದ ಹತ್ತು ಮಿಲಿಗ್ರಾಮಿನಷ್ಟು ಶುದ್ಧ ಟೆಸ್ಟೋಸ್ಟಿರೋನನ್ನು ಬೇರ್ಪಡಿಸಿತು. ಅದೇ ವರ್ಷ ಬ್ಯುಟೆನಾಂಟ್ ಮತ್ತು ರುಜಿಚ್ಕಾ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಅದನ್ನು ಕೊಲೆಸ್ಟರಾಲಿನಿಂದ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ೧೯೩೯ರ ನೊಬೆಲ್ ಬಹುಮಾನ ಅವರಿಗೆ ಸಂದಿತು. ಅಂದಿನಿಂದ ಇದು ಕೋತಿಯ ಮಾಯೆಯಲ್ಲ, ಹೋರಿಯ ಮಾಯೆಯಲ್ಲ. ಅಳೆಯಬಹುದಾದ, ತೂಗಬಹುದಾದ ಒಂದು ರಾಸಾಯನಿಕ ವಸ್ತು. ಅಳೆಯಬಹುದಾದ ವಸ್ತುವನ್ನು ಅಳೆಯದೆ ಮಾರುವುದೇ ಇಂದಿನ ಬೂಟಾಟಿಕೆ.

ಯಾರಿಗೆ ಕೊರತೆ, ಯಾರಿಗೆ ದಣಿವು?

ಗಂಡಸಿಗೆ ನಲವತ್ತು ದಾಟಿದ ಮೇಲೆ ಟೆಸ್ಟೋಸ್ಟಿರೋನ್ ವರ್ಷಕ್ಕೆ ನೂರಕ್ಕೆ ಸುಮಾರು ಒಂದರಂತೆ ನಿಧಾನವಾಗಿ ಇಳಿಯುತ್ತದೆ. ತಲೆಯ ಕೂದಲು ನರೆತ ಹಾಗೆ ಇದು ವಯಸ್ಸಿನ ನಡೆ, ರೋಗವಲ್ಲ. ಹಾಗಾದರೆ ರೋಗವಿರುವವರು ಎಷ್ಟು ಮಂದಿ? ಯೂರೋಪಿನ ಎಂಟು ಕೇಂದ್ರಗಳಲ್ಲಿ ೪೦ರಿಂದ ೭೯ ವಯಸ್ಸಿನ ೩,೩೬೯ ಗಂಡಸರನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಲೈಂಗಿಕ ಲಕ್ಷಣಗಳೂ ಇದ್ದು ರಕ್ತದಲ್ಲಿ ಕೊರತೆಯೂ ಇದ್ದವರು ನೂರಕ್ಕೆ ಇಬ್ಬರು. ಗೋಡೆಯ ಜಾಹೀರಾತನ್ನು ನಂಬಿದರೆ ನೂರಕ್ಕೆ ತೊಂಬತ್ತು ಮಂದಿ ರೋಗಿಗಳು!

ಉಳಿದವರ ದಣಿವು ಸುಳ್ಳೇ? ಸುಳ್ಳಲ್ಲ. ದಣಿವು ನಿಜ, ಅದಕ್ಕೆ ಕೊಟ್ಟ ಹೆಸರು ಸುಳ್ಳು. ೨೦೧೧ರಲ್ಲಿ ಅಮೇರಿಕದ ಶಿಕಾಗೋ ವಿಶ್ವವಿದ್ಯಾಲಯದವರು ಹತ್ತು ಮಂದಿ ಆರೋಗ್ಯವಂತ ಯುವಕರನ್ನು ಒಂದು ವಾರ ರಾತ್ರಿಗೆ ಐದೇ ಗಂಟೆ ನಿದ್ರೆಗೆ ಬಿಟ್ಟು ನೋಡಿದರು. ಅಷ್ಟಕ್ಕೇ ಅವರ ಹಗಲಿನ ಟೆಸ್ಟೋಸ್ಟಿರೋನ್ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಇಳಿಯಿತು. ಒಂದು ವಾರದ ಮಾತು ಇದು. ವರ್ಷಾನುಗಟ್ಟಲೆ ರಾತ್ರಿ ಪಾಳಿ ಮಾಡಿ, ಹಗಲು ಒಂದೇ ಕೋಣೆಯ ಮನೆಯಲ್ಲಿ ಮಕ್ಕಳ ಗದ್ದಲದ ನಡುವೆ ಕಣ್ಣು ಮುಚ್ಚುವ ಕಾರ್ಮಿಕನಿಗೆ ಬೇಕಾದದ್ದು ಸೂಜಿಯೇ, ನಿದ್ರೆಯೇ? ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಮುಚ್ಚಿ, ಗಲ್ಲಾ ಪೆಟ್ಟಿಗೆಯ ಹಿಂದೆ ಕೂತಲ್ಲೇ ಹೊಟ್ಟೆ ಬೆಳೆಸಿಕೊಂಡ ಚಿಲ್ಲರೆ ವ್ಯಾಪಾರಿಗೆ ಬೇಕಾದದ್ದು ಜೆಲ್ಲೇ, ನಡಿಗೆಯೇ? ಬೊಜ್ಜು ಇಳಿದರೆ ಹಾರ್ಮೋನು ತಾನಾಗಿ ಏರುತ್ತದೆಂಬುದು ಪರೀಕ್ಷಿಸಿ ಕಂಡ ಸತ್ಯ. ಸಕ್ಕರೆ ಕಾಯಿಲೆ, ರಕ್ತಹೀನತೆ, ಥೈರಾಯ್ಡಿನ ದೋಷ, ಮನಸ್ಸಿನ ಕುಗ್ಗು, ಹೆಂಡ, ಇವೆಲ್ಲವೂ ಅದೇ ದಣಿವಿನ ವೇಷ ಹಾಕಿ ಬರುತ್ತವೆ. ಶಿಶ್ನದ ದೌರ್ಬಲ್ಯ ಎಷ್ಟೋ ಸಲ ರಕ್ತನಾಳದ ರೋಗದ ಮುನ್ಸೂಚನೆ. ಹೃದಯಕ್ಕೆ ಬರಲಿರುವ ಅಪಾಯದ ಗಂಟೆ. ಲಾಡ್ಜಿನ ವೈದ್ಯ ಆ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಕಳಿಸುತ್ತಾನೆ.

ನಿಜವಾದ ಕೊರತೆಯನ್ನು ಗುರುತಿಸುವ ಕ್ರಮ ಗುಟ್ಟಿನದಲ್ಲ. ಕಾಮಾಪೇಕ್ಷೆ ಕುಂದುವುದು, ಬೆಳಗಿನ ಉದ್ರೇಕ ನಿಲ್ಲುವುದು, ಗಡ್ಡ ಮೀಸೆ ತೆಳುವಾಗುವುದು, ವೃಷಣ ಕುಗ್ಗುವುದು, ಎದೆ ಊದುವುದು, ಸಣ್ಣ ಪೆಟ್ಟಿಗೆ ಮೂಳೆ ಮುರಿಯುವುದು: ಇಂಥ ಲಕ್ಷಣಗಳು ಇರಬೇಕು. ಅದರ ಜೊತೆಗೆ ರಕ್ತಪರೀಕ್ಷೆಯಲ್ಲಿ ಕೊರತೆ ಕಾಣಬೇಕು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಅದು ಕೊರತೆಯ ರೋಗವಲ್ಲ. ರಕ್ತವನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಏಕೆಂದರೆ ಹಾರ್ಮೋನು ನಿದ್ರೆಯಿಂದ ಎದ್ದಾಗ ಏರಿದ್ದು ಸಂಜೆಗೆ ಇಳಿಯುತ್ತದೆ. ಬೇರೆ ಬೇರೆ ಎರಡು ದಿನ ಪರೀಕ್ಷಿಸಬೇಕು. ಜ್ವರ ಮುಂತಾದ ಕಾಯಿಲೆಯಲ್ಲಿ ಪರೀಕ್ಷಿಸಬಾರದು. ಆಗ ಯಾರಿಗಾದರೂ ಇಳಿದಿರುತ್ತದೆ. ರಾತ್ರಿ ಪಾಳಿಯವನು ತನ್ನ ಪಾಳಿಯನ್ನು ಡಾಕ್ಟರಿಗೆ ಹೇಳಲೇಬೇಕು. ಪಾಳಿ ಮುಗಿಸಿ ನಿದ್ರೆಗೆಟ್ಟು ನೇರವಾಗಿ ಲ್ಯಾಬಿಗೆ ಹೋಗಿ ಕೊಟ್ಟ ರಕ್ತದ ಲೆಕ್ಕ ಸರಿಬರುವುದಿಲ್ಲ.

ಅಂಕಿಯ ವಿಷಯದಲ್ಲೂ ಮೋಸಹೋಗಬಾರದು. ಅಮೇರಿಕದ ಮೂತ್ರರೋಗ ತಜ್ಞರ ಸಂಘ ೨೦೧೮ರಲ್ಲಿ ಹಾಕಿದ ಗೆರೆ ಡೆಸಿಲೀಟರಿಗೆ ೩೦೦ ನ್ಯಾನೋಗ್ರಾಂ. ಕೆಲವು ಲ್ಯಾಬುಗಳು ಮಿಲಿಲೀಟರಿನ ಲೆಕ್ಕದಲ್ಲಿ ಬರೆಯುತ್ತವೆ. ಆಗ ಅದೇ ಪ್ರಮಾಣ ೩ ಎಂದು ಕಾಣುತ್ತದೆ. ೩೦೦ ಇರಬೇಕಾದದ್ದು ನಿಮಗೆ ಬರೀ ನಾಲ್ಕು ಇದೆ ಎಂದು ಯಾರಾದರೂ ಹೆದರಿಸಿದರೆ, ಸೇರಿಗೂ ಪಾವಿಗೂ ವ್ಯತ್ಯಾಸ ತಿಳಿದ ನಮ್ಮ ವ್ಯಾಪಾರಿ ಮಿತ್ರರು ಮೋಸಹೋಗಬಾರದು. ಆ ನಾಲ್ಕು ಎಂದರೆ ನಾನೂರು. ರಿಪೋರ್ಟಿನ ಅಂಕಿಯ ಪಕ್ಕದಲ್ಲಿ ಬರೆದ ಅಳತೆಯನ್ನು ಓದಿಸಿಕೊಳ್ಳಿ.

ಅಮೇರಿಕದ ಪಾಠ

ರೋಗ ಕಡಿಮೆ, ಔಷಧ ಹೆಚ್ಚು ಆದಾಗ ಏನಾಗುತ್ತದೆ? ಪೇಟೆ ರೋಗವನ್ನು ತಯಾರಿಸುತ್ತದೆ. ಔಷಧಗಳ ಜಾಹೀರಾತನ್ನು ನೇರವಾಗಿ ಜನರ ಮುಂದಿಡಲು ಅವಕಾಶವಿರುವ ಅಮೇರಿಕದಲ್ಲಿ ೨೦೦೦ದಲ್ಲಿ ಚರ್ಮಕ್ಕೆ ಹಚ್ಚುವ ಟೆಸ್ಟೋಸ್ಟಿರೋನ್ ಜೆಲ್ಲಿಗೆ ಅನುಮತಿ ದೊರೆಯಿತು. ಆಮೇಲೆ ಲೋ ಟಿ ಎಂಬ ಎರಡಕ್ಷರದ ಹೊಸ ಹೆಸರು ಟೆಲಿವಿಷನ್ನಿನಲ್ಲಿ ಮೊಳಗತೊಡಗಿತು. ಊಟವಾದ ಮೇಲೆ ನಿದ್ದೆ ಬರುವುದೇ? ಆಟದಲ್ಲಿ ಮೊದಲಿನ ಚುರುಕು ಇಲ್ಲವೇ? ಇಂಥ ಪ್ರಶ್ನೆಗಳ ಪಟ್ಟಿಗೆ ಹೌದು ಎನ್ನದ ಮಧ್ಯವಯಸ್ಕ ಭೂಮಿಯ ಮೇಲೆ ಇದ್ದಾನೆಯೇ? ೨೦೧೦ರಲ್ಲಿ ಸುಮಾರು ೧೩ ಲಕ್ಷ ಇದ್ದ ಬಳಕೆದಾರರು ೨೦೧೩ಕ್ಕೆ ಸುಮಾರು ೨೩ ಲಕ್ಷವಾದರು. ಆ ದೇಶದ ಔಷಧ ಆಡಳಿತವೇ ೨೦೧೫ರಲ್ಲಿ ಎಚ್ಚರಿಕೆ ಕೊಡಬೇಕಾಯಿತು: ಈ ಔಷಧ ನಿಶ್ಚಿತ ರೋಗದಿಂದ ಬಂದ ಕೊರತೆಗೆ ಹೊರತು ಬರೀ ವಯಸ್ಸಿನ ಇಳಿತಕ್ಕಲ್ಲ.

ಔಷಧ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದೂ ಈಗ ತಕ್ಕಡಿಯಲ್ಲಿ ತೂಗಿ ಆಗಿದೆ. ೬೫ ದಾಟಿದ, ರಕ್ತದಲ್ಲಿ ಕೊರತೆಯಿದ್ದ ೭೯೦ ಗಂಡಸರ ಮೇಲೆ ನಡೆದು ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಾಮಾಪೇಕ್ಷೆ ಮತ್ತು ಲೈಂಗಿಕ ಶಕ್ತಿ ಸ್ವಲ್ಪಮಟ್ಟಿಗೆ ಹೆಚ್ಚಿತು. ಆದರೆ ದಣಿವು ಹೋಗಿ ಚೈತನ್ಯ ಬರುತ್ತದೆಂಬ ಮಾತು ಸಾಬೀತಾಗಲಿಲ್ಲ. ಜಾಹೀರಾತು ಮಾರುವುದು ಯಾವುದನ್ನು? ಆ ಚೈತನ್ಯವನ್ನೇ! ಹೃದ್ರೋಗವಿದ್ದ ಅಥವಾ ಅದರ ಅಪಾಯವಿದ್ದ ಐದು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು ೨೦೨೩ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ನಿಗಾ ಇಟ್ಟು ಕೊಟ್ಟರೆ ಹೃದಯಾಘಾತವೂ ಪಾರ್ಶ್ವವಾಯುವೂ ಹೆಚ್ಚಾಗುವುದಿಲ್ಲವೆಂದು ತಿಳಿಯಿತು. ಇದು ನಿಜವಾದ ರೋಗಿಗಳಿಗೆ ದೊಡ್ಡ ಸಮಾಧಾನ. ಆದರೆ ಅದೇ ಪರೀಕ್ಷೆಯಲ್ಲಿ ಹೃದಯದ ಬಡಿತ ತಾಳ ತಪ್ಪುವುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಕಟ್ಟುವುದು, ಮೂತ್ರಪಿಂಡಕ್ಕೆ ಥಟ್ಟನೆ ತೊಂದರೆ ಬರುವುದು ಔಷಧ ಪಡೆದವರಲ್ಲಿ ಹೆಚ್ಚಾಗಿತ್ತು. ಮೂಳೆ ಮುರಿತವೂ ಕಡಿಮೆಯಾಗದೆ ಹೆಚ್ಚಾಗಿಯೇ ಕಂಡಿತು. ೨೦೨೫ರಲ್ಲಿ ಅಲ್ಲಿನ ಆಡಳಿತ ಹೃದಯದ ಎಚ್ಚರಿಕೆಯನ್ನು ತಿದ್ದಿ, ರಕ್ತದೊತ್ತಡ ಏರುವ ಎಚ್ಚರಿಕೆಯನ್ನು ಸೇರಿಸಿತು. ಅಮೃತವೂ ಅಲ್ಲ, ವಿಷವೂ ಅಲ್ಲ. ಲೆಕ್ಕವಿಟ್ಟು ಬಳಸಬೇಕಾದ ಔಷಧ.

ಚಿಕಿತ್ಸೆಯ ಲೆಕ್ಕಪುಸ್ತಕ

ಲೆಕ್ಕವಿಡುವುದು ಎಂದೆವು. ಈ ಚಿಕಿತ್ಸೆಯ ಗುಟ್ಟು ಔಷಧದಲ್ಲಿಲ್ಲ, ಲೆಕ್ಕದಲ್ಲಿದೆ. ಸೂಜಿ ಚುಚ್ಚುವುದು ಯಾರಿಗೂ ಬರುತ್ತದೆ. ಚುಚ್ಚಿದ ಮೇಲೆ ನೋಡಿಕೊಳ್ಳುವವನೇ ವೈದ್ಯ.

ಔಷಧ ಹಲವು ರೂಪಗಳಲ್ಲಿ ಸಿಗುತ್ತದೆ. ಎಣ್ಣೆಯಲ್ಲಿ ಕರಗಿಸಿದ ಇನಾಂತೇಟ್, ಸಿಪಿಯೊನೇಟ್ ಎಂಬ ಇಂಜಕ್ಷನ್‌ಗಳನ್ನು ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಕೊಡುತ್ತಾರೆ. ಇವುಗಳಲ್ಲಿ ಮೊದಲ ದಿನಗಳು ಹಬ್ಬ, ಕೊನೆಯ ದಿನಗಳು ಉಪವಾಸ. ಸಂಬಳದ ವಾರ ಮತ್ತು ತಿಂಗಳ ಕೊನೆಯ ವಾರದ ಹಾಗೆ. ರೋಗಿಯ ಮನಸ್ಸೂ ಹಾಗೆಯೇ ಏರಿಳಿಯಬಹುದು. ಆಗ ಪ್ರಮಾಣವನ್ನು ಒಡೆದು ಸಣ್ಣದಾಗಿ ಬೇಗ ಬೇಗ ಕೊಡಬೇಕಾಗುತ್ತದೆ. ಅಂಡೆಕನೋಯೇಟ್ ಎಂಬುದನ್ನು ಹತ್ತರಿಂದ ಹದಿನಾಲ್ಕು ವಾರಕ್ಕೊಮ್ಮೆ ಆಸ್ಪತ್ರೆಯಲ್ಲೇ ನಿಧಾನವಾಗಿ ಚುಚ್ಚಬೇಕು. ಜೆಲ್ ಪ್ರತಿದಿನ ಹಚ್ಚುವಂಥದು. ಅದರಲ್ಲಿ ಒಂದು ಅಪಾಯವನ್ನು ತಂದೆಯಾದವರು ಮರೆಯಬಾರದು: ಹಚ್ಚಿದ ಚರ್ಮ ಹೆಂಡತಿಗೋ ಮಗುವಿಗೋ ತಗುಲಿದರೆ ಹಾರ್ಮೋನು ಅವರಿಗೂ ಇಳಿಯುತ್ತದೆ; ಎಳೆಯ ಮಕ್ಕಳಲ್ಲಿ ಅಕಾಲ ಪ್ರಾಯದ ಚಿಹ್ನೆ ಕಂಡು ೨೦೦೯ರಲ್ಲಿ ಅಮೇರಿಕದಲ್ಲಿ ಕಠಿಣ ಎಚ್ಚರಿಕೆ ಹಾಕಿಸಬೇಕಾಯಿತು. ಕೈ ತೊಳೆಯಬೇಕು, ಹಚ್ಚಿದ ಜಾಗ ಬಟ್ಟೆಯಿಂದ ಮುಚ್ಚಬೇಕು. ಹಳೆಯ ಕಾಲದ ಮಿಥೈಲ್ ಟೆಸ್ಟೋಸ್ಟಿರೋನ್ ಮಾತ್ರೆ ಯಕೃತ್ತಿಗೆ ಕೇಡು. ಅದನ್ನು ಯಾರಾದರೂ ಕೈಯಲ್ಲಿಟ್ಟರೆ ಹಿಂದಿರುಗಿಸಿ ಬನ್ನಿ.

ಶುರುಮಾಡುವ ಮೊದಲು, ಶುರುಮಾಡಿದ ಮೂರರಿಂದ ಆರು ತಿಂಗಳೊಳಗೆ, ವರ್ಷ ತುಂಬಿದಾಗ, ಆಮೇಲೆ ವರ್ಷಕ್ಕೊಮ್ಮೆ ರಕ್ತ ನೋಡಲೇಬೇಕು. ಹಾರ್ಮೋನು ನಡುಮಟ್ಟದಲ್ಲಿದೆಯೇ? ಹೆಚ್ಚಾದರೆ ಹೆಚ್ಚು ಗಂಡಸಾಗುವುದಿಲ್ಲ, ಹೆಚ್ಚು ರೋಗಿಯಾಗುತ್ತಾನೆ. ಎರಡನೆಯದು, ಹೆಮಟೋಕ್ರಿಟ್: ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂಬ ಲೆಕ್ಕ. ಈ ಔಷಧ ರಕ್ತವನ್ನು ಗಟ್ಟಿ ಮಾಡುತ್ತದೆ. ಆ ಪಾಲು ನೂರಕ್ಕೆ ೫೪ ದಾಟಿದರೆ ಔಷಧ ನಿಲ್ಲಿಸಬೇಕೆಂಬುದು ಒಪ್ಪಿದ ನಿಯಮ. ಇದು ಅಪರೂಪದ ಮಾತಲ್ಲ. ಆಸ್ಟ್ರೇಲಿಯದಲ್ಲಿ ಸುಮಾರು ಸಾವಿರ ಮಂದಿಯ ಮೇಲೆ ನಡೆದು ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಔಷಧ ಪಡೆದವರ ಪೈಕಿ ನೂರಕ್ಕೆ ೨೨ ಮಂದಿ ಆ ಗೆರೆಯನ್ನು ದಾಟಿದರು. ಸಕ್ಕರೆ ಕಾಯಿಲೆಗೆ ಬೀಳುವವರ ಸಂಖ್ಯೆ ಕಡಿಮೆಯಾಯಿತೆಂಬ ಲಾಭ ಕಂಡ ಅದೇ ಪರೀಕ್ಷೆಯ ಖರ್ಚಿನ ಬಾಬು ಇದು. ಮೂರನೆಯದು, ಪ್ರಾಸ್ಟೇಟ್ ಗ್ರಂಥಿಯ ಪರೀಕ್ಷೆ. ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರಿದ್ದವನಿಗೆ, ಆರು ತಿಂಗಳೊಳಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವನಿಗೆ, ಹತೋಟಿಗೆ ಬಾರದ ಹೃದಯ ದೌರ್ಬಲ್ಯವಿರುವವನಿಗೆ, ಗೊರಕೆಯ ನಡುವೆ ಉಸಿರು ನಿಲ್ಲುವ ಕಾಯಿಲೆಗೆ ಚಿಕಿತ್ಸೆ ಪಡೆಯದವನಿಗೆ ಈ ಔಷಧ ಶುರುಮಾಡಬಾರದು. ತಿಂಗಳುಗಟ್ಟಲೆ ಕೊಟ್ಟರೂ ಗುಣ ಕಾಣದಿದ್ದರೆ ನಿಲ್ಲಿಸಬೇಕು. ಲಾಡ್ಜಿನ ಕೋಣೆ ಖಾಲಿ ಮಾಡಿ ಮುಂದಿನ ಊರಿಗೆ ಹೋದವನು ಇದರಲ್ಲಿ ಯಾವುದನ್ನು ನೋಡಿಯಾನು?

ತೊಟ್ಟಿಲಿಗೆ ಬಿದ್ದ ಪೆಟ್ಟು

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಒಂದಿದೆ. ಅದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು. ಮಕ್ಕಳು ಬೇಕೆಂಬ ಗಂಡಸಿಗೆ ಟೆಸ್ಟೋಸ್ಟಿರೋನ್ ಕೊಡಬಾರದು.

ಗಿರಣಿಯ ಹೋಲಿಕೆಯನ್ನೇ ಮುಂದುವರಿಸೋಣ. ನೂಲುವ ವಿಭಾಗವಿರುವ ಗಿರಣಿಗೆ ಹೊರಗಿನಿಂದ ಲಾರಿಗಟ್ಟಲೆ ನೂಲು ಬಂದು ಬಿದ್ದರೆ ಮೇನೇಜರು ಏನು ಮಾಡುತ್ತಾನೆ? ನಮ್ಮ ನೂಲುವ ವಿಭಾಗಕ್ಕೆ ಬೀಗ ಹಾಕುತ್ತಾನೆ. ಹೊರಗಿನಿಂದ ಹಾರ್ಮೋನು ಬಂದಾಗ ಪಿಟ್ಯುಟರಿ ಮಾಡುವುದೂ ಅದನ್ನೇ. ಆರ್ಡರು ನಿಲ್ಲುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣುಗಳ ತಯಾರಿಕೆ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಈ ಔಷಧವನ್ನು ಗಂಡಸರ ಸಂತಾನನಿಯಂತ್ರಣ ಸಾಧನವಾಗಿಯೇ ಪರೀಕ್ಷಿಸಿತು ಎಂದರೆ ನಂಬುವಿರಾ? ವಾರಕ್ಕೆ ೨೦೦ ಮಿಲಿಗ್ರಾಂ ಪಡೆದ ಆರೋಗ್ಯವಂತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯದಲ್ಲಿ ಒಂದು ವೀರ್ಯಾಣುವೂ ಉಳಿಯಲಿಲ್ಲವೆಂದು ೧೯೯೦ರಲ್ಲಿ ಪ್ರಕಟವಾದ ವರದಿ ಹೇಳಿತು.

ಈಗ ನಮ್ಮ ಮನೆಗಳನ್ನು ನೆನೆಯಿರಿ. ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಾಗಲಿಲ್ಲ. ಬಂಜೆ ಎಂಬ ಹೆಸರು ಹೆಣ್ಣಿನ ತಲೆಗೆ ಕಟ್ಟಿದ್ದಾಯಿತು, ಹರಕೆ ಹೊತ್ತದ್ದಾಯಿತು. ಕೊನೆಗೆ ಗಂಡ ಗುಟ್ಟಾಗಿ ಶಕ್ತಿ ವೈದ್ಯನ ಬಳಿ ಹೋಗುತ್ತಾನೆ. ಆತ ಚುಚ್ಚುವ ಸೂಜಿಯಿಂದ ಕೆಲವು ದಿನ ಹುರುಪು ಬರುತ್ತದೆ. ಅದೇ ಸೂಜಿ ಇದ್ದಬದ್ದ ವೀರ್ಯಾಣುಗಳನ್ನೂ ನಿಲ್ಲಿಸುತ್ತದೆ. ಹುರುಪು ಬಂದಿದೆ, ನನ್ನಲ್ಲಿ ದೋಷವಿಲ್ಲ ಎಂದು ಗಂಡ ನಂಬುತ್ತಾನೆ. ದೋಷವೆಲ್ಲ ಹೆಂಡತಿಯದೆಂದು ಅತ್ತೆ ತೀರ್ಮಾನಿಸುತ್ತಾಳೆ. ಒಂದು ಸುಳ್ಳು ಸೂಜಿಯಿಂದ ಒಬ್ಬ ಹೆಣ್ಣುಮಗಳು ತವರಿಗೆ ನೂಕಲ್ಪಡಬಹುದು! ಸೂಜಿ ನಿಲ್ಲಿಸಿದರೆ ಬಹಳ ಮಂದಿಗೆ ತಿಂಗಳುಗಳಲ್ಲಿ ವೀರ್ಯಾಣು ಮರಳುತ್ತದೆ. ಆದರೆ ಕಳೆದ ವರ್ಷಗಳು ಮರಳುವುದಿಲ್ಲ. ಆರ್ಡರು ಬಾರದ ಜಾತಿಯ ಕೊರತೆಯಿದ್ದು ಮಕ್ಕಳೂ ಬೇಕೆಂದರೆ ಅದಕ್ಕೆ ಬೇರೆ ಚಿಕಿತ್ಸೆಯೇ ಉಂಟು: ಯಂತ್ರವನ್ನೇ ಓಡಿಸುವ ಎಚ್.ಸಿ.ಜಿ. ಮುಂತಾದ ಇಂಜಕ್ಷನ್‌ಗಳು. ವೀರ್ಯಪರೀಕ್ಷೆಯಾಗದೆ ಯಾವ ಗಂಡಸೂ ಸೂಜಿಗೆ ತೋಳು ಕೊಡಬಾರದು. ಗಂಡನ ಪರೀಕ್ಷೆಯಾಗದೆ ಯಾವ ಹೆಣ್ಣನ್ನೂ ಬಂಜೆ ಎನ್ನಬಾರದು. ವ್ಯಾಯಾಮಶಾಲೆಯಲ್ಲಿ ತೋಳು ದಪ್ಪವಾಗಲೆಂದು ಇದೇ ಜಾತಿಯ ಔಷಧವನ್ನು ಕದ್ದು ಚುಚ್ಚಿಕೊಳ್ಳುವ ತರುಣರಿಗೂ ಈ ಮಾತು ಸಲ್ಲುತ್ತದೆ. ತೋಳು ಬೆಳೆಯುತ್ತದೆ, ತೊಟ್ಟಿಲು ಖಾಲಿಯಾಗುತ್ತದೆ.

ಕಾನೂನು ಎಲ್ಲಿ ಮಲಗಿದೆ?

ಇದನ್ನೆಲ್ಲ ತಡೆಯಲು ಕಾನೂನು ಇಲ್ಲವೇ? ಉಂಟು. ೧೯೫೪ರಲ್ಲಿ ಪಾರ್ಲಿಮೆಂಟು ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯನ್ನು ಮಾಡಿತು. ಲೈಂಗಿಕ ಸುಖದ ಶಕ್ತಿಯನ್ನು ಕಾಪಾಡುವ ಅಥವಾ ಹೆಚ್ಚಿಸುವ ಔಷಧವೆಂದು ಜಾಹೀರಾತು ಕೊಡುವುದನ್ನು ಅದರ ಮೂರನೆಯ ಕಲಮು ನಿಷೇಧಿಸುತ್ತದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ, ಮತ್ತೆ ಮಾಡಿದರೆ ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಔಷಧ ವ್ಯಾಪಾರಿಗಳು ವಾಕ್‌ಸ್ವಾತಂತ್ರ್ಯದ ಹೆಸರು ಹೇಳಿಕೊಂಡು ಸುಪ್ರೀಂ ಕೋರ್ಟಿಗೂ ಹೋದರು. ೧೯೫೯ರ ಡಿಸೆಂಬರಿನಲ್ಲಿ ಹಮ್‌ದರ್ದ್ ದವಾಖಾನಾ ಮೊಕದ್ದಮೆಯಲ್ಲಿ ಆ ಕೋರ್ಟು, ಇಂಥ ಜಾಹೀರಾತು ವ್ಯಾಪಾರದ ಭಾಗವೇ ಹೊರತು ವಾಕ್‌ಸ್ವಾತಂತ್ರ್ಯವಲ್ಲವೆಂದು ಹೇಳಿತು. ಕಾಯಿದೆಯ ಕೆಲವು ಮಾತುಗಳು ರದ್ದಾದವು. ಮೂಲ ನಿಷೇಧ ಉಳಿಯಿತು. ಏಳು ದಶಕ ಕಳೆದಿದೆ. ಕಾನೂನು ಪುಸ್ತಕದಲ್ಲಿದೆ, ಜಾಹೀರಾತು ಗೋಡೆಯಲ್ಲಿದೆ. ಎರಡೂ ಪರಸ್ಪರ ಮುಖ ನೋಡಿಲ್ಲ.

ಇತ್ತ ಕಾರ್ಮಿಕರಿಗೆ ಹಕ್ಕಿನ ಆಸ್ಪತ್ರೆಯೂ ಉಂಟು. ೧೯೪೮ರ ಕಾಯಿದೆಯಂತೆ ೧೯೫೨ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಮೊದಲಾದ ಇ.ಎಸ್.ಐ. ಯೋಜನೆ ಕಾರ್ಮಿಕನ ಸಂಬಳದಿಂದಲೇ ಪಾಲು ಹಿಡಿದು ನಡೆಯುವಂಥದು. ಅದು ದಾನವಲ್ಲ, ಮುಂಗಡ ಕೊಟ್ಟ ಹಣ. ಆ ಹಣ ಕೊಟ್ಟವನು ತನ್ನ ದೇಹದ ಒಂದು ಕಾಯಿಲೆಗೆ ಮಾತ್ರ ಲಾಡ್ಜಿಗೆ ಏಕೆ ಹೋಗಬೇಕು? ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹತ್ತು ಜನರ ಮುಂದೆ ಏನು ತೊಂದರೆ ಎಂದು ಕೂಗಿ ಕೇಳುತ್ತಾರೆ; ಒಳಗಿನ ಕೋಣೆಯಿಲ್ಲ; ಇಂಥ ಮಾತಿಗೆ ಸಮಯವಿಲ್ಲ. ಸರ್ಕಾರಿ ಆಸ್ಪತ್ರೆಯ ಬಾಗಿಲು ಎಲ್ಲಿ ಮುಚ್ಚುತ್ತದೋ ಅಲ್ಲಿಂದ ಲಾಡ್ಜಿನ ಮೆಟ್ಟಿಲು ಶುರುವಾಗುತ್ತದೆ.

ಆದುದರಿಂದ ನಮ್ಮ ಒತ್ತಾಯಗಳು ನಾಲ್ಕೇ. ಒಂದು: ೧೯೫೪ರ ಕಾಯಿದೆಯಂತೆ ಗೋಡೆ, ಪತ್ರಿಕೆ, ಮೊಬೈಲು ಮೂರರಲ್ಲೂ ಬರುವ ಇಂಥ ಜಾಹೀರಾತಿನವರ ಮೇಲೆ ಜಿಲ್ಲೆಯ ಅಧಿಕಾರಿಗಳು ಮೊಕದ್ದಮೆ ಹೂಡಬೇಕು. ಎರಡು: ಡಾಕ್ಟರ ಚೀಟಿಯಿಲ್ಲದೆ ಹಾರ್ಮೋನು ಮಾರುವ ಔಷಧದ ಅಂಗಡಿಗಳನ್ನು ತನಿಖೆ ಮಾಡಬೇಕು. ಮೂರು: ಜಿಲ್ಲಾ ಆಸ್ಪತ್ರೆಯಲ್ಲೂ ಇ.ಎಸ್.ಐ. ಆಸ್ಪತ್ರೆಯಲ್ಲೂ ವಾರಕ್ಕೊಂದು ದಿನವಾದರೂ ಗಂಡಸರು ಏಕಾಂತದಲ್ಲಿ ಮಾತನಾಡಬಹುದಾದ ಚಿಕಿತ್ಸಾಲಯ ನಡೆಯಬೇಕು. ಬೆಳಗಿನ ರಕ್ತಪರೀಕ್ಷೆ, ಹೆಮಟೋಕ್ರಿಟ್, ವೀರ್ಯಪರೀಕ್ಷೆ ಅಲ್ಲೇ ಉಚಿತವಾಗಿ ಆಗಬೇಕು. ನಾಲ್ಕು: ನಿಜವಾದ ಕೊರತೆಯೆಂದು ಖಚಿತವಾದವನಿಗೆ, ಅವನು ಕ್ಲೈನ್‌ಫೆಲ್ಟರ್ ದೋಷದ ಹುಡುಗನಿರಲಿ, ಪಿಟ್ಯುಟರಿ ಗೆಡ್ಡೆ ತೆಗೆಸಿಕೊಂಡ ಕಾರ್ಮಿಕನಿರಲಿ, ಬದುಕಿರುವವರೆಗೆ ಬೇಕಾಗುವ ಔಷಧವನ್ನು ಸರ್ಕಾರವೇ ಕೊಡಬೇಕು. ಮಧ್ಯದಲ್ಲಿ ದುಡ್ಡಿಲ್ಲದೆ ಔಷಧ ಬಿಟ್ಟವನ ಮೂಳೆ ಸವೆಯುತ್ತದೆ. ಮೂಳೆ ಮುರಿದ ಕಾರ್ಮಿಕನಿಗೆ ಕೂಲಿಯಿಲ್ಲ.

ಸರ್ಕಾರ ಮಾಡುವವರೆಗೆ ನಾವು ಮಾಡಬಹುದಾದ ಕೆಲಸವೂ ಒಂದುಂಟು. ಸಂಘದ ಕೋಣೆಯಲ್ಲಿ, ಅಂಗಡಿಯ ಜಗಲಿಯಲ್ಲಿ, ಚಹಾದ ಬೆಂಚಿನ ಮೇಲೆ ಈ ಮಾತನ್ನು ನಗೆಚಾಟಿಕೆಯಿಲ್ಲದೆ ಆಡಿ. ಗೆಳೆಯನೊಬ್ಬ ದಣಿದಿದ್ದಾನೆಂದರೆ ಅವನ ಗಂಡಸುತನವನ್ನು ಕೆಣಕಬೇಡಿ. ಅವನ ನಿದ್ರೆ, ಸಕ್ಕರೆ, ರಕ್ತದೊತ್ತಡಗಳನ್ನು ಕೇಳಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಗೆ ಅವನ ಜೊತೆ ನೀವೇ ಹೋಗಿ. ದುಡಿದು ಮನೆ ನಡೆಸುವವನ ಗಂಡಸುತನ ಯಾವ ಸೀಸೆಯಲ್ಲೂ ಇಲ್ಲ. ಸೀಸೆಯಲ್ಲಿರುವುದು ಒಂದು ಔಷಧ. ಬೇಕಾದವನಿಗೆ ಅದು ಹಕ್ಕಾಗಿ ಸಿಗಲಿ, ಬೇಡವಾದವನ ಜೇಬಿಗೆ ಅದು ಕತ್ತರಿಯಾಗದಿರಲಿ.